ನೂರಕ್ಕೆ ನೂರರ ಊಟ

ನಮ್ಮ ಹಾಸ್ಟೆಲಿಗೆ ಹೊಸ ವಾರ್ಡನ್ ಮೇಡಂ ಬಂದರು. ಅವರ ಫೋನಿನಲ್ಲಿ ಪೌಷ್ಟಿಕ ಆಹಾರದ ಆ್ಯಪ್ ಇತ್ತು. ಫೋಟೋ ತೆಗೆದರೆ ಊಟಕ್ಕೆ ಅಂಕ ಕೊಡುತ್ತಿತ್ತು. ರಾಗಿಮುದ್ದೆ ನೋಡಿ, 'ಚಾಕೊಲೇಟ್ ಕೇಕ್, ಸೊನ್ನೆ' ಎಂದಿತು.

"ನಾಳೆಯಿಂದ ಪೂರ್ತಿ ಅಂಕ ಬಂದದ್ದನ್ನೇ ಬಡಿಸು. ಇಲ್ಲ, ಕೆಲಸ ಬಿಡು," ಎಂದರು ಅಡುಗೆಯ ಪುಟ್ಟನಂಜಮ್ಮನಿಗೆ.

ಮರುದಿನ ಆಕೆ ಮೇಡಂ ಮುಂದೆ ಮರ್ಯಾದೆಯಿಂದ ಬಾಳೆಲೆ ಹಾಸಿ, ನೀರು ಚಿಮುಕಿಸಿ, ಪಕ್ಕಕ್ಕೆ ಸರಿದು ನಿಂತಳು. ಮೇಡಂ ಹೊಟ್ಟೆ ಗುರ್ ಎಂದಿತು.

"ಊಟ ಎಲ್ಲಿ?"

"ಫೋಟೋ ತೆಗೀರಿ ಮೇಡಂ."

ತೆಗೆದರು. 'ಹಸಿರು ಸೊಪ್ಪು. ನೂರಕ್ಕೆ ನೂರು.'

"ಬಡಿಸಾಯ್ತಲ್ಲ, ಉಣ್ಣಿ."

ಒಳಗಿಂದ ಬಸ್ಸಾರಿನ ಒಗ್ಗರಣೆ ಘಮ್ಮೆಂದಿತು. ಮೇಡಂ ಬಾಗಿಲನ್ನೇ ನೋಡಿದರು.

"ನಾನು ಎಲೆ ಎತ್ತಲೋ, ಇಲ್ಲ ನೀವೇ ಫೋನ್ ಎತ್ತಿಡ್ತೀರೋ?"

ಫೋನು ಬ್ಯಾಗಿಗೆ ಹೋಯಿತು. ಎಲೆಗೆ ಮುದ್ದೆ ಬಂತು.