ಜ್ಞಾನಪ್ರಕಾಶನ ರಿಬ್ಬನ್ನು

ಪ್ರತಿ ಓಣಿಗೂ ಒಬ್ಬ ಪೆದ್ದ ಇರುತ್ತಾನೆ, ಒಪ್ಪಿದೆ. ಆದರೆ ಬೆಟಗೇರಿಯ ಚರ್ಚಿನ ಓಣಿಯ ಪೆದ್ದನ ಮುಂದೆ ಉಳಿದ ಓಣಿಗಳ ಪೆದ್ದರೆಲ್ಲ ಪಂಡಿತರು. ಅವನ ಹೆಸರು ಜ್ಞಾನಪ್ರಕಾಶ. ಹೆಸರಿಟ್ಟ ಅಪ್ಪ ಬೇಗನೆ ತೀರಿಕೊಂಡು ಪಾರಾದ. ಸಿಕ್ಕಿಬಿದ್ದವಳು ಅವ್ವ ಮಾರ್ಥಬಾಯಿ.

ಮಾರ್ಥಬಾಯಿ ಮದುವೆಯ ಕೇಕು ಮಾಡುವವಳು. ಮೂರಂತಸ್ತಿನ ಕೇಕು, ಮೇಲೆ ಬೆಣ್ಣೆ ಕ್ರೀಮು, ಸುತ್ತಲೂ ರೇಷ್ಮೆ ರಿಬ್ಬನ್ನು. ಅವಳ ಕೇಕು ತಿನ್ನಲು ಎಲ್ಲರೂ ಬರುತ್ತಿದ್ದರು, ಅವಳ ಮಗನಿಗೆ ಹೆಣ್ಣು ಕೊಡಲು ಮಾತ್ರ ಒಬ್ಬರೂ ಬರುತ್ತಿರಲಿಲ್ಲ. ಕೊನೆಗೆ ಅದೇ ಓಣಿಯ ಯೋಹಾನ ಮಾಸ್ತರರು ಒಂದು ಮಾತು ಕೊಟ್ಟರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು.

"ನಿಮ್ಮ ಹುಡುಗ ಕಸಬು ಕಲೀಲಿ. ನಮ್ಮ ದೊಡ್ಡಾಕಿ ಮದುವಿ ಕೇಕು ಅವನ ತಂದು ನಿಂದ್ರಸ್ಲಿ. ಎಲ್ಲಾ ಸುಸೂತ್ರ ಆದ್ರ ಸಣ್ಣಾಕಿ ಎಸ್ತೇರಿನ್ನ ಅವಗ ಕೊಡೂಣು" ಅಂದರು.

ಎಸ್ತೇರಳನ್ನು ಯಾರೂ ಕೇಳಲಿಲ್ಲ. ಮಾರ್ಥಬಾಯಿಗೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಜ್ಞಾನಪ್ರಕಾಶನಿಗೆ ಚೆನ್ನಾಗಿಯೇ ಬಂತು.

ಮರುದಿನದಿಂದ ಕಲಿಕೆ ಶುರು. ಮೊದಲ ಮದುವೆಗೆ ಅವ್ವ ಹೇಳಿದಳು, "ಕೇಕಿಗೆ ರಿಬ್ಬನ್ ಕಟ್ಟು. ಗಟ್ಟ್ಯಾಗಿ ಕಟ್ಟು, ಜಾರಬಾರ್ದು."

"ಆತು ಬೇ" ಅಂದ.

ಹಾಸಿಗೆ ಸುರುಳಿಗೆ ಹಗ್ಗ ಬಿಗಿಯುವ ಹಾಗೆ ಬಿಗಿದ. ಕೇಕಿಗೆ ನಡು ಬಂತು. ಕ್ರೀಮು ಮೇಲಕ್ಕೂ ಕೆಳಕ್ಕೂ ಉಕ್ಕಿತು. ಬೆಳ್ಳನೆಯ ರೇಷ್ಮೆ ಬೆಣ್ಣೆ ಕುಡಿದು ಕುಡಿದು, ಹಪ್ಪಳ ಕರಿದಿಟ್ಟ ಕಾಗದದಂತಾಯಿತು. ಮದುಮಗಳ ಸೋದರತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದಳು.

ಮನೆಗೆ ಬಂದ ಮೇಲೆ ಮಾರ್ಥಬಾಯಿ ಬೈದಳು. "ಖೋಡಿ, ಬೆಣ್ಣಿ ಜಿಡ್ಡು ಅರಿವಿಗೆ ಹತ್ತತೈತಿ ಅನ್ನೋದು ಕೂಸಿಗೂ ಗೊತ್ತು. ಎಲ್ಲಿ ಕ್ರೀಮ್ ಐತಿ, ಎಲ್ಲಿ ಅರಿವಿ ಐತಿ, ಅಲ್ಲಿ ನಡುವ ಬಟರ್ ಪೇಪರ್ ಇಡಬೇಕು. ತಿಳೀತಿಲ್ಲೊ?"

"ತಿಳೀತು ಬೇ. ಇನ್ನ ಮುಂದ ಹಂಗ ಮಾಡ್ತೀನಿ."

ಎರಡನೆಯ ಮದುವೆ. ರಿಬ್ಬನ್ನಿನ ಕೆಳಗೆ ಕಾಗದ ಇಟ್ಟ. ಒಪ್ಪವಾಗಿಯೇ ಇಟ್ಟ. ನೋಡಿದವರು ತಲೆದೂಗಿದರು. ರಿಬ್ಬನ್ನನ್ನು ಅವ್ವನೇ ಬಿಚ್ಚಿಟ್ಟಳು, ಮದುಮಕ್ಕಳು ಕೇಕು ಕತ್ತರಿಸಿದರು. ಮದುಮಗ ಒಂದು ತುಂಡು ಎತ್ತಿ ಮದುಮಗಳ ಬಾಯಿಗೆ ಒಯ್ದ. ತುಂಡಿನ ತುಂಬ ಕ್ರೀಮು. ಅವಳ ಮೈಮೇಲೆ ಬಿಳಿ ರೇಷ್ಮೆ ಸೀರೆ.

ಜ್ಞಾನಪ್ರಕಾಶ ಓಡಿದ. ಕಾಗದದ ಸುರುಳಿ ಬಿಚ್ಚಿದ. ಮದುಮಗಳ ಕೊರಳಿನಿಂದ ಮಂಡಿಯವರೆಗೆ ಕಾಗದ ಸುತ್ತಿದ. ಮದುಮಗನ ಟೈ ಕೆಳಗೆ ಒಂದು ತುರುಕಿದ. ಆಶೀರ್ವಾದ ಮಾಡಲು ಬಂದ ಪಾದ್ರಿಗಳ ನಿಲುವಂಗಿಗೂ ಒಂದು ಸಿಕ್ಕಿಸಿದ. ಫೋಟೋದವನು ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಆ ಮನೆಯ ಆಲ್ಬಮ್ಮಿನಲ್ಲಿ ಇವತ್ತಿಗೂ ಮದುಮಗಳು ಪಾರ್ಸೆಲ್ಲಿನ ಹಾಗೆ ನಿಂತಿದ್ದಾಳೆ.

"ನಿನ್ನ ತಲ್ಯಾಗ ಏನು ಮೈದಾ ಹಿಟ್ಟ ಐತೇನೊ?" ಮಾರ್ಥಬಾಯಿ ಹಣೆ ಚಚ್ಚಿಕೊಂಡಳು.

"ನೀನ ಹೇಳಿದ್ದಲ್ಲ ಬೇ, ಕ್ರೀಮ್ ಎಲ್ಲಿ ಐತಿ, ಅರಿವಿ ಎಲ್ಲಿ ಐತಿ ಅಂತ."

"ಮಂದಿ ತಂಟೆಗೆ ಹೋಗಬ್ಯಾಡ. ನಿನ್ನ ಕೆಲಸ ರಿಬ್ಬನ್ ಅಷ್ಟ. ಕತ್ತರಿಸೋ ಮಂದಿ ಬರೂದ್ರಾಗ ರಿಬ್ಬನ್ ಬಿಚ್ಚು, ಸುತ್ತು, ಕಿಸೆದಾಗ ಹಾಕ್ಕೊ, ಸುಮ್ಮನ ಮನಿಗೆ ಬಾ. ಯಾರನ್ನೂ ಕೇಳಬ್ಯಾಡ."

"ಆತು ಬೇ. ಇನ್ನ ಮುಂದ ಹಂಗ ಮಾಡ್ತೀನಿ."

ಮುಂದಿನ ಸಲ ಹೋಗಿದ್ದು ಮದುವೆಗಲ್ಲ, ಹೊಸ ಬಟ್ಟೆ ಅಂಗಡಿಯ ಉದ್ಘಾಟನೆಗೆ. ಅಂಗಡಿಯವನು ಒಂದು ಸಣ್ಣ ಕೇಕು ಹೇಳಿದ್ದ. ಜ್ಞಾನಪ್ರಕಾಶ ಕೇಕು ಇಳಿಸಿ ನೋಡುತ್ತಾನೆ, ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು. ತಟ್ಟೆಯಲ್ಲಿ ಕತ್ತರಿ. ಅಷ್ಟರಲ್ಲಿ ಕಾರಿನಿಂದ ದೊಡ್ಡ ಸಾಹೇಬರು ಇಳಿದರು.

ಕತ್ತರಿಸುವವರು ಬಂದರಲ್ಲ. ಇವನು ಬಿಚ್ಚಿದ, ಸುತ್ತಿದ, ಕಿಸೆಗೆ ಹಾಕಿಕೊಂಡ, ಸುಮ್ಮನೆ ಮನೆಗೆ ಬಂದ. ಯಾರನ್ನೂ ಕೇಳಲಿಲ್ಲ.

ಸಾಹೇಬರು ಕತ್ತರಿ ಹಿಡಿದು ಬಾಗಿಲ ಮುಂದೆ ನಿಂತರು. ಕತ್ತರಿಸಲು ಏನೂ ಇಲ್ಲ. ಅಂಗಡಿಯವನು ತನ್ನ ಮಗಳ ಜಡೆಯ ರಿಬ್ಬನ್ನು ಬಿಚ್ಚಿ ಅಡ್ಡ ಕಟ್ಟಿಸಿದ. ಹುಡುಗಿ ಅಳುತ್ತಿದ್ದಳು, ಸಾಹೇಬರು ಕತ್ತರಿಸಿದರು. ಆಮೇಲೆ ಅಂಗಡಿಯವನು ನೇರ ಮಾರ್ಥಬಾಯಿಯ ಮನೆಗೆ ಬಂದ. ಅವನು ಅಂದ ಮಾತುಗಳನ್ನು ಚರ್ಚಿನ ಓಣಿಯಲ್ಲಿ ಹೇಳುವ ಹಾಗಿಲ್ಲ.

ಅವನು ಹೋದ ಮೇಲೆ ಮಾರ್ಥಬಾಯಿ ಮಗನ ಕಿವಿ ಹಿಡಿದಳು. "ಮಂಗ್ಯಾ, ದೊಡ್ಡವರು ಕತ್ತರಸಾಕ ಬಂದಾಗ ರಿಬ್ಬನ್ ಮುಟ್ಟತಾರೇನೊ? ಅದು ಇರೂದ ಕತ್ತರಸಾಕ. ಕೈ ಕಟ್ಕೊಂಡು ನಿಂದ್ರು. ಅವರು ಕತ್ತರಿಸಿದ ಮ್ಯಾಲ ಚಪ್ಪಾಳಿ ಹೊಡಿ. ಬ್ಯಾರೆ ಏನೂ ಮಾಡಬ್ಯಾಡ."

"ಆತು ಬೇ. ಇನ್ನ ಮುಂದ ಹಂಗ ಮಾಡ್ತೀನಿ."

ಮಾರ್ಥಬಾಯಿಯೂ ಅಂಥ ಜಾಣೆಯೇನಲ್ಲ. ಮುಂದಿನ ವಾರವೇ ಮಾಸ್ತರರ ಮನೆಯ ಮದುವೆ ಅನ್ನುವುದು ಅವಳಿಗೆ ಗೊತ್ತಿತ್ತು. ಮಗ ಎಂಥವನು ಅನ್ನುವುದೂ ಗೊತ್ತಿತ್ತು. ಆದರೂ ಆ ಮಾತು ಹೇಳಿ ಅಡಿಗೆ ಮನೆಗೆ ಹೋದಳು.

ಮಾಸ್ತರರ ಮನೆಯ ಕೇಕಿಗೆ ಅವಳು ಜೀವ ಸುರಿದಳು. ಮಗನಿಗೆ ಸಿಗುವ ಹೆಣ್ಣು ಆ ಕೇಕಿನಲ್ಲೇ ಇದೆ ಅನ್ನುವ ಹಾಗೆ ಮಾಡಿದಳು. ಕಾಗದ ಇಟ್ಟು ರಿಬ್ಬನ್ನು ತಾನೇ ಸುತ್ತಿದಳು. ಜ್ಞಾನಪ್ರಕಾಶ ಅದನ್ನು ತಂದು ವೇದಿಕೆಯ ಮೇಜಿನ ಮೇಲೆ ಓರೆಯಾಗದಂತೆ ನಿಲ್ಲಿಸಿದ. ಮಾಸ್ತರರು ನೋಡಿ ಗಡ್ಡ ಸವರಿಕೊಂಡರು. ಹಿಂದಿನ ಸಾಲಿನಲ್ಲಿ ಕುಳಿತ ಮಾರ್ಥಬಾಯಿ ಎಸ್ತೇರಳನ್ನು ನೋಡಿ ನಕ್ಕಳು. ಎಸ್ತೇರಳು ಮುಖ ತಿರುಗಿಸಿಕೊಂಡಳು.

ಮದುಮಕ್ಕಳು ಚೂರಿ ಹಿಡಿದರು. ಜ್ಞಾನಪ್ರಕಾಶ ಕೈ ಕಟ್ಟಿಕೊಂಡು ನಿಂತ.

ಚೂರಿ ಇಳಿಯಲಿಲ್ಲ. ಮದುಮಗ ಗರಗಸದ ಹಾಗೆ ಎಳೆದ. ರೇಷ್ಮೆ ಹರಿಯಿತು, ಕಾಗದ ಹರಿಯಿತು, ಕೊನೆಗೆ ಕೇಕೂ ಹರಿಯಿತು. ಜ್ಞಾನಪ್ರಕಾಶ ಜೋರಾಗಿ ಚಪ್ಪಾಳೆ ಹೊಡೆದ. ಮದುಮಗ ಬೆವರು ಒರೆಸಿಕೊಂಡು, ಬಂದ ತುಂಡನ್ನು ನೋಡದೆ ಮದುಮಗಳ ಬಾಯಿಗಿಟ್ಟ. ಅವಳು ಅಗಿದಳು. ಅಗಿಯುತ್ತಲೇ ಇದ್ದಳು. ಆಮೇಲೆ ಬಾಯಿಗೆ ಬೆರಳು ಹಾಕಿ ಎಳೆದಳು. ಮೊಳದುದ್ದ ರಿಬ್ಬನ್ನು ಬಂತು, ಅದರ ಹಿಂದೆ ಕಾಗದ ಬಂತು. ಜ್ಞಾನಪ್ರಕಾಶ ಇನ್ನೊಮ್ಮೆ ಚಪ್ಪಾಳೆ ಹೊಡೆದ.

ಮಾಸ್ತರರು ವೇದಿಕೆ ಹತ್ತಿದರು. "ರಿಬ್ಬನ್ ಬಿಚ್ಚಬೇಕು ಅಂತ ಗೊತ್ತಿರಲಿಲ್ಲೇನೊ?"

"ಗೊತ್ತಿತ್ರಿ. ಮುಟ್ಟಬ್ಯಾಡ ಅಂತ ಅವ್ವ ಹೇಳ್ಯಾಳ್ರಿ."

ಮಾಸ್ತರರು ಅವನ ಮೇಲೆ ಇನ್ನೊಂದು ಮಾತು ಖರ್ಚು ಮಾಡಲಿಲ್ಲ. "ಮಾರ್ಥಬಾಯಿ, ಎಸ್ತೇರಿ ಮಾತು ಇಲ್ಲಿಗೆ ಬಿಡ್ರಿ" ಅಂದರು. ಅಂದು, ಕೇಕಿನ ಮೇಜು ಬಳಸಿ ಕೆಳಗಿಳಿಯಲು ಹೊರಟರು.

ಮಾರ್ಥಬಾಯಿಯ ಎದೆ ಒಡೆಯಿತು. ಮಗನಿಗೆ ಈ ಜನ್ಮದಲ್ಲಿ ಇನ್ನೊಂದು ಹೆಣ್ಣು ಬರುವುದಿಲ್ಲ. ಅಳುತ್ತಾ ಎದ್ದು ಕೂಗಿದಳು. "ಮಾಸ್ತರ ಕಾಲು ಹಿಡ್ಕೊಳ್ಳೊ. ಕ್ಷಮಿಸೀನಿ ಅನ್ನೂತನಕ ಬಿಡಬ್ಯಾಡ."

"ಆತು ಬೇ."

ಮಾಸ್ತರರು ಒಂದು ಹೆಜ್ಜೆ ಎತ್ತಿದ್ದರು. ಜ್ಞಾನಪ್ರಕಾಶ ಹಿಂದಿನಿಂದ ಬಿದ್ದು ಎರಡೂ ಕಾಲು ತಬ್ಬಿಕೊಂಡ. ಮಾಸ್ತರರು ಉದ್ದಕ್ಕೆ ಹೋಗಿ ಕೇಕಿನ ಮೇಲೆ ಬಿದ್ದರು. ಮುಖ ಕೆಳಗಿನ ಅಂತಸ್ತಿನೊಳಗೆ ಕಿವಿಯವರೆಗೆ ಹೂತುಕೊಂಡಿತು.

ಎಸ್ತೇರಳೊಬ್ಬಳು ಕುರ್ಚಿ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು, ಬದುಕಿಕೊಂಡೆ ಅನ್ನುವಷ್ಟು ನಕ್ಕಳು. ಮಾಸ್ತರರನ್ನು ಮೇಲೆತ್ತಲು ನಾಲ್ಕಾರು ಜನ ಭುಜ ಹಿಡಿದು ಎಳೆದರು. ಈ ಕಡೆ ಇವನು ಕಾಲು ಬಿಡಲಿಲ್ಲ.

"ಯವ್ವಾ, ಇವರ ಬಾಯಿ ತುಂಬ ಕ್ರೀಮ್ ಐತಿ" ಅಂತ ಕೂಗಿ ಹೇಳಿದ. "ಕ್ಷಮಿಸೀನಿ ಅನ್ನವಲ್ರು. ನೀ ಮನಿಗೆ ನಡಿ, ನಾ ಹಿಡ್ಕೊಂಡಿರ್ತೀನಿ."