ದಕ್ಷಿಣದ ಕಿಟಕಿಗಳು

ಕಳೆದ ಶತಮಾನದಲ್ಲಿ ಆಸ್ಟ್ರೇಲಿಯಾದಲ್ಲಿ ಹಾರ್ಗ್ರೇವ್ ಎಂಬ ವಾಸ್ತುಶಿಲ್ಪಿ ಇದ್ದರು. ಸಿಡ್ನಿಯಲ್ಲಿ ಬ್ಯಾಂಕು, ಆಸ್ಪತ್ರೆ, ದೊಡ್ಡವರ ಮನೆಗಳನ್ನು ಕಟ್ಟಿ ಹೆಸರು ಮಾಡಿದ್ದರು. ಕಣ್ಣು ಮಂಜಾದ ಮೇಲೆ ನಗರ ಬಿಟ್ಟು ಒಂದು ನದಿಯ ದಂಡೆಯಲ್ಲಿ ನೆಲೆಸಿ, ಕಲಿಯಲು ಬಂದವರಿಗೆ ಕಲಿಸುತ್ತಿದ್ದರು.

ಕ್ಲೈವ್ ಅದೇ ಊರಿನವನು, ಹಳೆಯ ಶಿಷ್ಯ. ಲೆಸ್ಲಿ ಇಂಗ್ಲೆಂಡಿನಿಂದ ಆಗಷ್ಟೇ ಬಂದವನು.

ಒಂದು ದಿನ ಮಿಸೆಸ್ ಟ್ರೆಂಟ್ ಎಂಬ ವಯಸ್ಸಾದ ವಿಧವೆ ಬಂದರು.

"ಸಣ್ಣ ಮನೆ ಸಾಕು. ಆದರೆ ಚಳಿಗಾಲದಲ್ಲಿ ಒಳಗೆ ಕೂತರೆ ಈ ಮೊಣಕಾಲುಗಳ ಮೇಲೆ ಬಿಸಿಲು ಬೀಳಬೇಕು. ಕೀಲುನೋವು ಜೀವ ಹಿಂಡುತ್ತದೆ."

ಗುರುಗಳು ನಕ್ಷೆಯನ್ನು ಲೆಸ್ಲಿಗೆ ವಹಿಸಿದರು. ನಿಂತು ಕಟ್ಟಿಸುವ ಕೆಲಸವನ್ನು ಕ್ಲೈವ್‌ಗೆ.

"ಗುರುಗಳೇ, ಇಷ್ಟು ವರ್ಷ ನಿಮ್ಮ ಹತ್ತಿರ ಇದ್ದೇನೆ. ನಿನ್ನೆ ಹಡಗಿಳಿದವನಿಗೆ ಮನೆ, ನನಗೆ ಮೇಸ್ತ್ರಿ ಕೆಲಸವೇ?"

"ಅವನ ಕೈ ಚೆನ್ನಾಗಿದೆ."

ಕ್ಲೈವ್ ಆ ದಿನ ಊಟ ಮಾಡಲಿಲ್ಲ.

ನಕ್ಷೆ ಬಿಡಿಸಿ ನೋಡಿದಾಗ ಮಾತ್ರ ಅವನಿಗೆ ನಗು ಬಂತು. ದೊಡ್ಡ ಕಿಟಕಿಗಳೆಲ್ಲ ದಕ್ಷಿಣಕ್ಕಿದ್ದವು. ಉತ್ತರಕ್ಕೆ ಬರೀ ಗೋಡೆ. ಇಂಗ್ಲೆಂಡಿನಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಉತ್ತರದಿಂದ. ಲೆಸ್ಲಿ ಹಳೆಯ ರೂಢಿಯಲ್ಲೇ ಗೆರೆ ಎಳೆದಿದ್ದ.

"ಕಿಟಕಿ ಇಷ್ಟು ಸಾಕೇ?" ಲೆಸ್ಲಿ ಬಂದು ಕೇಳಿದ. "ನೀನು ಇಲ್ಲಿಯವನು, ಹೇಳಪ್ಪ."

"ಭೇಷಾಗಿದೆ, ಮಹಾರಾಯ. ಇನ್ನೊಂದು ಇಡು."

ಲೆಸ್ಲಿ ಖುಷಿಯಿಂದ ಇನ್ನೊಂದು ಇಟ್ಟ.

ಗೋಡೆಗಳು ಎದ್ದವು. ಸಂಜೆ ಗುರುಗಳು ಕೇಳುತ್ತಿದ್ದರು:

"ಮನೆ ಹೇಗೆ ಬರುತ್ತಿದೆ, ಕ್ಲೈವ್? ನನಗಂತೂ ಕಾಣುವುದಿಲ್ಲ."

"ನಕ್ಷೆಯಲ್ಲಿದ್ದ ಹಾಗೇ, ಗುರುಗಳೇ."

ಚಳಿಗಾಲ ಬಂತು. ಕ್ಲೈವ್ ತಾನಾಗಿಯೇ ಗುರುಗಳ ಕೈಹಿಡಿದು ಆ ಮನೆಗೆ ಕರೆದುಕೊಂಡು ಹೋದ.

ಮಿಸೆಸ್ ಟ್ರೆಂಟ್ ಒಳಗಿರಲಿಲ್ಲ. ಹೊರಗೆ, ಉತ್ತರದ ಗೋಡೆಗೆ ಕುರ್ಚಿ ಒರಗಿಸಿ, ಕಂಬಳಿ ಹೊದ್ದು ಕೂತಿದ್ದರು.

"ಚೆಂದದ ಮನೆ," ಎಂದರು. "ಒಳಗಿಟ್ಟ ಹಾಲು ನಾಲ್ಕು ದಿನ ಕೆಡುವುದಿಲ್ಲ. ನನ್ನ ಕಾಲಿನದೇ ಕಷ್ಟ."

ಗುರುಗಳು ಒಳಗೆ ಹೋಗಿ ಕಿಟಕಿಯ ಗಾಜಿನ ಮೇಲೆ ಅಂಗೈ ಇಟ್ಟರು. ಹೊರಗೆ ಬಂದು ಗೋಡೆಯ ಮೇಲೆ ಇಟ್ಟರು. ಗೋಡೆ ಬೆಚ್ಚಗಿತ್ತು.

"ನೋಡಿದಿರಾ ನಿಮ್ಮ ಲೆಸ್ಲಿಯ ಕೆಲಸ?" ಎಂದ ಕ್ಲೈವ್.

"ನಿನಗೆ ಯಾವಾಗ ಗೊತ್ತಾಯಿತು?"

"ನಕ್ಷೆ ನೋಡಿದ ಕೂಡಲೇ!"

ಹೇಳಿದ ಮೇಲೆ ಅವನು ತಲೆ ತಗ್ಗಿಸಿದ.

ಗುರುಗಳ ಅಂಗೈ ಇನ್ನೂ ಗೋಡೆಯ ಮೇಲೇ ಇತ್ತು. ಅವರು ಮುದುಕಿಯ ಕಡೆ ತಿರುಗಿದರು.

"ಅಮ್ಮಾ, ಈ ಮನೆ ಯಾರದೆಂದು ಯಾರಾದರೂ ಕೇಳಿದರೆ, ಲೆಸ್ಲಿ ಎನ್ನಬೇಡಿ. ಕ್ಲೈವ್ ಕಟ್ಟಿದ್ದು ಎನ್ನಿ."