ತಿರುಗಿಸದ ಚುಕ್ಕಾಣಿ

ಪುಂಡಲೀಕನಿಗೆ ಸ್ವಂತ ದೋಣಿಯಿತ್ತು. ಮೀನಿಗಲ್ಲ, ತಿರುಗಾಟಕ್ಕೆ. ಮಳೆಗಾಲದಲ್ಲಿ ಹೆಚ್ಚಿನವರು ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದರೆ, ಇವನು ಉತ್ತರದ ಕರಾವಳಿಯುದ್ದಕ್ಕೂ ಒಬ್ಬನೇ ಹೋಗಿಬರುತ್ತಿದ್ದ. ಮಳೆ ಸುರಿಯುವಾಗ ಕಡಲು ನೋಡುವ ಹುಚ್ಚು.

ಆ ಆಷಾಢದಲ್ಲಿ ಅವನು ಆಶ್ರಮಕ್ಕೆ ಬಂದಾಗ ಮುಖ ಬತ್ತಿಹೋಗಿತ್ತು. ಗುರುಗಳ ಕಾಲಿಗೆ ಬಿದ್ದವನು ಏಳಲಿಲ್ಲ. ಬಿದ್ದಲ್ಲಿಂದಲೇ ಹೇಳಿದ.

ಹದಿಮೂರು ದಿನಗಳ ಹಿಂದೆ, ಬಂಡೆಗಳ ಹತ್ತಿರ, ಮಗುಚಿದ ದೋಣಿಯ ಬೆನ್ನನ್ನು ಅಪ್ಪಿಕೊಂಡು ಒಬ್ಬ ಕೈಬೀಸುತ್ತಿದ್ದ. ಮೀನುಗಾರ ಮಂಕಾಳ. ಗುರುತು ಸಿಕ್ಕಿತ್ತು. ತೆರೆಗಳು ಆಳೆತ್ತರ ಏಳುತ್ತಿದ್ದವು. ಪುಂಡಲೀಕ ಚುಕ್ಕಾಣಿ ತಿರುಗಿಸಲಿಲ್ಲ. ಹೊರಳಿ ನೋಡಿದಾಗ ದೋಣಿಯ ಬೆನ್ನು ಖಾಲಿ. ತಲೆ ಮತ್ತೆ ಮೇಲೆ ಬರಲಿಲ್ಲ.

"ತಿರುಗಿಸಿದ್ದರೆ ಉಳಿಯುತ್ತಿದ್ದನೆ?" ಗುರುಗಳು ಕೇಳಿದರು.

"ಗೊತ್ತಿಲ್ಲ. ನಾನೂ ಮುಳುಗುತ್ತಿದ್ದೆನೇನೋ."

"ಇದು ಯಾರಿಗೆ ಗೊತ್ತು?"

"ನಿಮಗೆ. ಈಗ."

ಉಪವಾಸವೋ ಜಪವೋ, ಏನಾದರೊಂದು ಪ್ರಾಯಶ್ಚಿತ್ತ ಹೇಳಿ ಎಂದು ಬೇಡಿಕೊಂಡ. ಗುರುಗಳು ಕಂಬಳಿಕೊಪ್ಪೆ ಹಾಕಿಕೊಂಡು ಎದ್ದರು. ದೋಣಿ ಎಲ್ಲಿದೆ ಎಂದರು.

ಇಬ್ಬರೂ ದೋಣಿ ಹತ್ತಿದರು. ಅದೇ ಬಂಡೆಗಳ ಹತ್ತಿರ ಬಂದಾಗ ಗುರುಗಳು ಎಂಜಿನ್ ನಿಲ್ಲಿಸಲು ಹೇಳಿದರು.

ನಿಲ್ಲಿಸಿದ. ದೋಣಿ ತೆರೆಗೆ ಅಡ್ಡವಾಗಿ ಹೊಯ್ದಾಡಿತು. ನೀರು ಒಳಗೆ ನುಗ್ಗಿತು. ಅವನ ಕೈ ತಾನಾಗಿ ಎಂಜಿನ್ನಿನತ್ತ ಹೋಯಿತು. ಗುರುಗಳು ಅವನ ಮಣಿಕಟ್ಟು ಹಿಡಿದುಕೊಂಡರು.

"ಇನ್ನೂ ಸ್ವಲ್ಪ."

ಅವನು ವಾಂತಿ ಮಾಡಿಕೊಂಡ. ಗುರುಗಳೂ ಇನ್ನೊಂದು ಕೈಯಿಂದ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಾರೆ ಎಂಬುದು ಆಮೇಲೆ ಅವನ ಅರಿವಿಗೆ ಬಂತು.

ಹಿಡಿತ ಸಡಿಲಿತು. ಎಂಜಿನ್ ಹಾಕಿ ಆಶ್ರಮದ ಕಡೆ ತಿರುಗಿಸಹೊರಟ. ಗುರುಗಳು ದಡದ ಕೇರಿಯತ್ತ ಬೆರಳು ತೋರಿಸಿದರು. ಅದು ಮಂಕಾಳನ ಕೇರಿ.

ಹೆಣ ಸಿಕ್ಕಿರಲಿಲ್ಲ. ಗಂಡ ತೇಲಿಕೊಂಡು ಯಾವುದೋ ಬಂದರು ಸೇರಿದ್ದಾನೆ ಎಂದು ಮಂಕಾಳನ ಹೆಂಡತಿ ಸೋಮಿ ಹಟ ಹಿಡಿದಿದ್ದಳು. ನೆಂಟರು ಉತ್ತರಕ್ರಿಯೆಯ ಮಾತೆತ್ತಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ದಿನವೂ ಅವನ ಪಾಲಿನ ಗಂಜಿ ಮುಚ್ಚಿಡುತ್ತಿದ್ದಳು. ಇದೆಲ್ಲ ಪುಂಡಲೀಕನ ಕಿವಿಗೂ ಬಿದ್ದಿತ್ತು.

ಎಂಜಿನ್ ಸದ್ದಿಗೆ ಅವಳು ಓಡಿಬಂದು ಮಳೆಯಲ್ಲೇ ನಿಂತಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ದೋಣಿಯೊಳಗೆ ಯಾರು ಯಾರಿದ್ದಾರೆಂದು ಕಣ್ಣು ಕಿರಿದು ಮಾಡಿ ನೋಡಿದಳು.

ಪುಂಡಲೀಕ ದೋಣಿಯಿಂದ ಇಳಿಯಲಿಲ್ಲ. ನೀವೇ ಹೇಳಿಬಿಡಿ ಎಂದು ಗುರುಗಳನ್ನು ಕೇಳಿಕೊಂಡ. ಅವರು ಒಲ್ಲೆನೆಂದು ತಲೆಯಾಡಿಸಿದರು.

"ಶಾಪ ಹಾಕುತ್ತಾಳೆ, ಗುರುಗಳೇ."

"ಹಾಕಲಿ. ಕೇರಿಯವರೆಲ್ಲ ಅತ್ತು ಮುಗಿಸಿದರು. ಅವಳೊಬ್ಬಳಿಗೆ ನೀನಿನ್ನೂ ಅಳಲು ಬಿಟ್ಟಿಲ್ಲ."